‘ದೇವರಾಣೆ’ ಅಂದರೆ ನಂಬಿಬಿಡೋದಾ?



ನಾನು ಬ್ಯಾಂಕಿನಲ್ಲಿ ಕ್ಲರ್ಕು. ‘ಸತ್ಯವಾಗ್ಲೂ ಸಾರ್’, ‘ದೇವರಾಣೆ ಸಾರ್’ ಅನ್ನೋ ಮಾತು ಕೌಂಟರಿನಲ್ಲಿ ಕೇಳದ ದಿನವೇ ಇಲ್ಲ. ಹೀಗೆ ಒತ್ತಿ ಒತ್ತಿ ಹೇಳುವವರನ್ನು ನಂಬಬೇಕಾ ಬೇಡವಾ, ಇವತ್ತು ಅದನ್ನೇ ಮಾತಾಡ್ತೀನಿ.

ನಮ್ಮ ಕಡೆ ಆಣೆಗೆ ತೂಕ ಜಾಸ್ತಿ. ಕಾಸರಗೋಡಿನವರಿಗೆ ಕಾನತ್ತೂರು ಗೊತ್ತು, ಆಂಧ್ರದ ಕಡೆಯವರಿಗೆ ಕಾಣಿಪಾಕಂ ಗೊತ್ತು, ಧರ್ಮಸ್ಥಳ ಎಲ್ಲರಿಗೂ ಗೊತ್ತು. ಒಂದು ಕಾಲದಲ್ಲಿ ಕೋರ್ಟೂ ಇದನ್ನು ಒಪ್ಪುತ್ತಿತ್ತು. ‘ಎದುರಿನವರು ಇಂಥ ಆಣೆ ಮಾಡಿ ಹೇಳಿದರೆ ನಾನು ಒಪ್ತೀನಿ’ ಅಂತ ಒಬ್ಬ ಕಕ್ಷಿದಾರ ಹೇಳಿ, ಅವರು ಹಾಗೇ ಆಣೆ ಮಾಡಿದರೆ, 1873ರ ಪ್ರಮಾಣ ಕಾಯ್ದೆಯ ಪ್ರಕಾರ ಆ ಮಾತೇ ಅಂತಿಮ. 1969ರ ಹೊಸ ಕಾಯ್ದೆಯಲ್ಲಿ ಈ ಅವಕಾಶ ಕೈಬಿಟ್ಟರು. ಈಗ ಸಾಕ್ಷಿ ಪ್ರಮಾಣ ಮಾಡಿದ ಮೇಲೂ ಪಾಟೀಸವಾಲು ಇದ್ದೇ ಇರುತ್ತೆ. ನನಗಂತೂ ಅದೇ ಸರಿ ಅನ್ಸುತ್ತೆ. ಆಣೆ ನಡೀತಿದ್ದದ್ದು ಯಾಕೆ ಹೇಳಿ? ಆಣೆ ಮಾಡಿದವನು ನಾಳೆಯೂ ಅದೇ ಊರಲ್ಲಿ, ಅದೇ ಜನರ ಮುಂದೆ ಬದುಕಬೇಕಿತ್ತು. ಫೋನು ಮಾಡುವವನಿಗೆ ಊರೇ ಇಲ್ಲವಲ್ಲ!

‘ಡಿಜಿಟಲ್ ಅರೆಸ್ಟ್’ ನೋಡಿ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಅಂತ ಫೋನು ಬರುತ್ತೆ. ಆಮೇಲೆ ವಿಡಿಯೋ ಕಾಲಿನಲ್ಲಿ ಪೊಲೀಸ್ ಯೂನಿಫಾರ್ಮು, ಸೀಲು ಹಾಕಿದ ಆರ್ಡರು, ಗುರುತಿನ ಚೀಟಿ. ನೀವು ಕೇಳುವ ಮೊದಲೇ ‘ಬೇಕಾದರೆ ನನ್ನ ಐಡಿ ನೋಡಿಕೊಳ್ಳಿ’ ಅಂತಾನೆ. ಆದರೆ ‘ಫೋನ್ ಇಟ್ಟು, ನಮ್ಮೂರ ಸ್ಟೇಷನ್ನಿಗೆ ಹೋಗಿ ಕೇಳ್ಕೊಂಡು ಬರ್ತೀನಿ’ ಅನ್ನಿ, ಬಿಡೋದಿಲ್ಲ. ಕ್ಯಾಮೆರಾ ಆಫ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ ಅಂತಾನೆ. ಅವನು ಕೊಟ್ಟ ಪುರಾವೆ ಎಷ್ಟಿದೆ ಅಂತ ಲೆಕ್ಕ ಹಾಕಬೇಡಿ. ನೀವಾಗಿ ವಿಚಾರಿಸೋಕೆ ಬಿಡ್ತಾನಾ ಇಲ್ವಾ, ಅಷ್ಟು ನೋಡಿ ಸಾಕು. ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ.

ಇದರಲ್ಲಿ ಬ್ಯಾಂಕಿನವರನ್ನು ಸುಸ್ತು ಮಾಡುವ ವಿಷಯ ಇನ್ನೊಂದಿದೆ. ಎಫ್‌ಡಿ ಮುರಿಸೋಕೆ ಬಂದ ಹಿರಿಯರನ್ನು ‘ಯಾಕೆ ಸಾರ್’ ಅಂದರೆ ‘ಮಗಳ ಮದುವೆಗೆ, ಸತ್ಯವಾಗ್ಲೂ’ ಅಂತಾರೆ. ಆ ಉತ್ತರವನ್ನೂ ಕಳ್ಳನೇ ಹೇಳಿಕೊಟ್ಟಿರ್ತಾನೆ.

ಗಡಿಯವರಾದ ನಮ್ಮಲ್ಲಿ ಒಂದು ದೌರ್ಬಲ್ಯವೂ ಇದೆ. ಎಲ್ಲಾ ಆಫೀಸಿನಲ್ಲೂ ಬೇರೆ ಭಾಷೆ ಕೇಳಿ ಸಾಕಾಗಿರುತ್ತೆ. ಫೋನಿನಲ್ಲಿ ಯಾರಾದರೂ ಚೆಂದದ ಕನ್ನಡದಲ್ಲಿ ‘ಏನಮ್ಮಾ, ಚೆನ್ನಾಗಿದೀರಾ?’ ಅಂದರೆ ಅರ್ಧ ನಂಬಿಕೆ ಅಲ್ಲೇ ಹುಟ್ಟಿಬಿಡುತ್ತೆ. ಕನ್ನಡ ಕಳ್ಳನಿಗೂ ಬರುತ್ತೆ ಕಣ್ರಪ್ಪಾ. ಫೋನ್ ಇಟ್ಟು, ಎಟಿಎಂ ಕಾರ್ಡಿನ ಹಿಂದೆ ಇರೋ ನಂಬರಿಗೆ ನೀವೇ ಮಾಡಿ. ದುಡ್ಡು ಹೋಗಿಯೇಬಿಟ್ಟಿದ್ದರೆ ತಕ್ಷಣ 1930ಕ್ಕೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಮುಂದಿನ ಖಾತೆಯಲ್ಲಿ ತಡೆಯುವ ಸಾಧ್ಯತೆ ಹೆಚ್ಚು.

ಹಾಗಂತ ಒತ್ತಿ ಹೇಳುವವರೆಲ್ಲ ಸುಳ್ಳರು ಅಂದುಕೊಂಡರೆ ಅದು ಇನ್ನೂ ದೊಡ್ಡ ಅನ್ಯಾಯ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ತ, ದ ಎರಡಕ್ಕೂ ಒಂದೇ. ತಾಳವಾಡಿಯಲ್ಲೋ ಹೊಸೂರಿನಲ್ಲೋ ‘ಗಂಗಮ್ಮ’ ಅನ್ನೋ ಹೆಸರು ರೇಷನ್ ಕಾರ್ಡಿನಲ್ಲಿ ತಮಿಳಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬರುವಾಗ ‘ಕಂಗಮ್ಮ’ ಆಗಬಹುದು, ‘ದೇವಮ್ಮ’ ‘ತೇವಮ್ಮ’ ಆಗಬಹುದು. ಪಾಸ್‌ಬುಕ್ಕಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು. ಮೇಲಿಂದ ಕೂಲಿ ಮಾಡಿ ಸವೆದ ಬೆರಳು, ಮಷಿನ್ನು ಒಪ್ಪೋದಿಲ್ಲ. ಆಗ ಆ ಅಜ್ಜಿ ಬೇರೆ ಏನು ಹೇಳಬೇಕು? ‘ನಾನೇ ಕಣಪ್ಪಾ, ಸತ್ಯವಾಗ್ಲೂ ನಾನೇ’ ಅಂತಾರೆ. ಅವರ ಹತ್ತಿರ ಇರೋದು ಅದೊಂದೇ ಮಾತು.

ಆದರೆ ಕಳ್ಳನಿಗೂ ಈ ಅಜ್ಜಿಗೂ ವ್ಯತ್ಯಾಸ ನೋಡಿ. ಅಜ್ಜಿ ಕೇಳ್ತಿರೋದು ತಮ್ಮದೇ ದುಡ್ಡು. ‘ಕೂತ್ಕೊಳ್ಳಿ, ವಿಚಾರಿಸ್ತೀನಿ’ ಅಂದರೆ ಸಂಜೆತನಕ ಕೂರ್ತಾರೆ. ಯಾರನ್ನು ಬೇಕಾದರೂ ಕೇಳಿ ಅಂತಾರೆ. ಇಂಥವರನ್ನು ಬಾಯಿಮಾತಿನ ಮೇಲೇ ನಂಬಿ ದುಡ್ಡು ಕೊಡಿ ಅಂತ ನಾನು ಹೇಳಲ್ಲ. ಆದರೆ ವಿಚಾರಿಸುವ ಕೆಲಸ ಕೌಂಟರಿನ ಈಚೆ ಕೂತವರದ್ದು. ಬೆರಳು ಒಪ್ಪದಿದ್ದರೆ ಮೊಬೈಲ್ ಒಟಿಪಿ ಇದೆ, ಕಣ್ಣಿನ ಸ್ಕ್ಯಾನ್ ಇದೆ, ಹಳೇ ಫೋಟೋ ಇದೆ. ಕೇರಳದಲ್ಲಾದರೆ ಹೆಸರಿನ ವ್ಯತ್ಯಾಸಕ್ಕೆ ವಿಲ್ಲೇಜ್ ಆಫೀಸಿನಲ್ಲಿ ‘ಒನ್ ಆಂಡ್ ದ ಸೇಮ್’ ಸರ್ಟಿಫಿಕೇಟ್ ಕೊಡ್ತಾರೆ. ಬೇರೆ ಕಡೆ ನೋಟರಿಯಿಂದ ಅಫಿಡವಿಟ್ ಮಾಡಿಸಬಹುದು. ಇದನ್ನೆಲ್ಲ ಅಜ್ಜಿ ಒಬ್ಬರೇ ಓಡಾಡಿ ಮಾಡಿಸೋಕಾಗಲ್ಲ, ಓದಿರೋ ನೀವು ಜೊತೆಗೆ ಹೋಗಬೇಕು.

ಹೆಸರು ಹೊಂದದ ಕಾಗದ ಮನೆಯಲ್ಲಿದ್ದವರು ಇವತ್ತು ತಂದಿದ್ದರೆ, ಊಟ ಆದ ಮೇಲೆ ಇಲ್ಲೇ ಕೂತು ನೋಡೋಣ. ಒಟಿಪಿ ಮಾತ್ರ ನನಗೂ ಹೇಳಬೇಡಿ.