ಸಂಭವನೀಯತೆ: ಪುಸ್ತಕದ ಪಾಠ, ಬದುಕಿನ ಲೆಕ್ಕ

(ಸಂಸ್ಥೆಯ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಉಪನ್ಯಾಸ)



ಹತ್ತನೆಯ ತರಗತಿಯ ಗಣಿತ ಪುಸ್ತಕದಲ್ಲಿ ‘ಸಂಭವನೀಯತೆ’ ಎಂಬ ಚಿಕ್ಕ ಅಧ್ಯಾಯವಿದೆ. ತೆರೆದರೆ ಕಾಣುವುದು ನಾಣ್ಯ, ದಾಳ, ಇಸ್ಪೀಟ್ ಎಲೆ. ಜೂಜು ನಿಷಿದ್ಧವೆಂದು ನಂಬಿ ನಡೆಯುವ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಇಸ್ಪೀಟಿನ ಕಟ್ಟನ್ನೇ ಕಂಡಿರುವುದಿಲ್ಲ. ಅದು ಒಳ್ಳೆಯದೇ. ಆದರೆ ‘52 ಎಲೆಗಳಿಂದ ಒಂದನ್ನು ತೆಗೆದರೆ ಅದು ಕೆಂಪು ಬಣ್ಣದ ರಾಜನಾಗಿರುವ ಸಂಭವನೀಯತೆ ಎಷ್ಟು?’ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದಾಗ, ಗಣಿತ ಗೊತ್ತಿದ್ದೂ ಎಲೆಗಳ ಪರಿಚಯವಿಲ್ಲದ ಕಾರಣಕ್ಕೆ ಅಂಕ ಹೋಗುತ್ತದೆ. ಹಾಗಾಗಬಾರದು.

ಇದಕ್ಕೆ ಉಪಾಯ ಸುಲಭ. ಹಳೆಯ ನೋಟ್‌ಬುಕ್ಕಿನ ಹಾಳೆ ಹರಿದು 52 ಚೀಟಿ ಮಾಡಿರಿ. ನಾಲ್ಕು ಗುಂಪು, ಪ್ರತಿ ಗುಂಪಿನಲ್ಲಿ 13. ಎರಡು ಗುಂಪು ಕೆಂಪು, ಎರಡು ಕಪ್ಪು. ಪ್ರತಿ ಗುಂಪಿನಲ್ಲೂ ಒಬ್ಬ ರಾಜ, ಒಬ್ಬ ರಾಣಿ, ಒಬ್ಬ ಗುಲಾಮ. ಇಷ್ಟು ತಿಳಿದರೆ ಸಾಕು. ಕೆಂಪು ರಾಜರು ಇಬ್ಬರು. ಆದ್ದರಿಂದ ಉತ್ತರ 2/52, ಅಂದರೆ 1/26. ಹಣ ಕಟ್ಟಿ ಆಡುವುದು ಬೇರೆ, ಎಣಿಸಿ ಲೆಕ್ಕ ಕಲಿಯುವುದು ಬೇರೆ. ಪಾಲಕರು ಈ ವ್ಯತ್ಯಾಸವನ್ನು ಮನಗಾಣಬೇಕು.

ಈ ಅಧ್ಯಾಯದ ಸೂತ್ರ ಒಂದೇ: ಅನುಕೂಲಕರ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸುವುದು. ಉತ್ತರ ಎಂದಿಗೂ 0ಗಿಂತ ಕಡಿಮೆ ಇರದು, 1ನ್ನು ಮೀರದು. ಆದರೆ ಒಂದು ಷರತ್ತು ಇದೆ. ಎಲ್ಲ ಫಲಿತಗಳೂ ಸಮಾನ ಸಾಧ್ಯತೆಯುಳ್ಳವಾಗಿರಬೇಕು. ಎರಡು ನಾಣ್ಯಗಳನ್ನು ಚಿಮ್ಮಿದರೆ ಕನಿಷ್ಠ ಒಂದು ತಲೆ ಬೀಳುವ ಸಂಭವನೀಯತೆ ಎಷ್ಟು? 1754ರಲ್ಲಿ ಫ್ರಾನ್ಸಿನ ಪ್ರಖ್ಯಾತ ಗಣಿತಜ್ಞ ಡಾಲೆಂಬರ್ಟ್ ಇದಕ್ಕೆ 2/3 ಎಂದು ಬರೆದರು. ಮೊದಲನೆಯದೇ ತಲೆ ಬಿದ್ದರೆ ಅಲ್ಲಿಗೆ ಮುಗಿಯಿತು. ಇಲ್ಲವಾದರೆ ಎರಡನೆಯದು ತಲೆ ಅಥವಾ ಬಾಲ. ಹೀಗೆ ಮೂರೇ ಫಲಿತಗಳೆಂದು ಅವರು ಎಣಿಸಿದರು. ಆದರೆ ಆ ಮೂರು ಸಮಾನವಲ್ಲ. ಒಂದು ರೂಪಾಯಿಯ ಮತ್ತು ಎರಡು ರೂಪಾಯಿಯ ನಾಣ್ಯಗಳನ್ನು ತೆಗೆದುಕೊಂಡು ನೋಡಿರಿ: ತಲೆ-ತಲೆ, ತಲೆ-ಬಾಲ, ಬಾಲ-ತಲೆ, ಬಾಲ-ಬಾಲ. ಒಟ್ಟು ನಾಲ್ಕು. ಸರಿಯಾದ ಉತ್ತರ 3/4. ಅಂಥ ವಿದ್ವಾಂಸರೇ ತಪ್ಪಿದ ಕಡೆ ನೀವು ತಪ್ಪಿದರೆ ನಾಚಿಕೆ ಬೇಡ. ಸೂತ್ರಕ್ಕೆ ಕೈಹಾಕುವ ಮೊದಲು ಫಲಿತಗಳನ್ನೆಲ್ಲ ಪಟ್ಟಿ ಮಾಡುವ ರೂಢಿ ಇಟ್ಟುಕೊಳ್ಳಿರಿ.

ಇನ್ನು, ಪುಸ್ತಕ ಹೇಳಿದ 1/2 ನಿಜವೇ ಎಂದು ಮಾಡಿಯೂ ನೋಡಬಹುದು. ಬುಫೋನ್ ಎಂಬವರು 4040 ಸಲ ನಾಣ್ಯ ಚಿಮ್ಮಿ 2048 ಸಲ ತಲೆ ಪಡೆದರು. ಕೆರಿಚ್ ಅವರಿಗೆ 10,000ಕ್ಕೆ 5067, ಕಾರ್ಲ್ ಪಿಯರ್ಸನ್ ಅವರಿಗೆ 24,000ಕ್ಕೆ 12,012 ಬಂದವು. ಭಾಗಿಸಿದರೆ 0.507, 0.5067, 0.5005. ಪ್ರಯೋಗ ಹೆಚ್ಚಿದಂತೆ ಉತ್ತರ ಅರ್ಧದ ಹತ್ತಿರ ಬರುತ್ತದೆ. ಹತ್ತೇ ಸಲ ಚಿಮ್ಮಿ ಏಳು ತಲೆ ಬಂದರೆ ಅದರಿಂದ ಏನನ್ನೂ ತೀರ್ಮಾನಿಸಬಾರದು.

ನಮ್ಮ ರೈತರಿಗೆ ಈ ಪ್ರಾಯೋಗಿಕ ಸಂಭವನೀಯತೆ ಹೊಸದಲ್ಲ. ಬಿತ್ತುವ ಮುಂಚೆ 100 ಶೇಂಗಾ ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಮೊಳೆತದ್ದನ್ನು ಎಣಿಸುತ್ತಾರೆ. 86 ಮೊಳೆತರೆ ಒಂದು ಕಾಳು ಮೊಳೆಯುವ ಸಂಭವನೀಯತೆ 0.86, ಮೊಳೆಯದಿರುವುದು 0.14. ಎರಡನ್ನೂ ಕೂಡಿದರೆ 1. ಪುಸ್ತಕದಲ್ಲಿ ‘ಪೂರಕ ಘಟನೆ’ ಎಂದಿರುವುದು ಇದೇ.

ಈಗ ಬಹು ಮುಖ್ಯವಾದ ಮಾತು. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ನೀಡಿತು. ಮಟ್ಕಾ ಎಂದಿಗೂ ಅಪರಾಧವೇ. ಆದರೂ ದುಡಿದ ಕೂಲಿಯನ್ನು ಅಂಕಿಗೆ ಕಟ್ಟುವವರು ಇದ್ದಾರೆ. ಹತ್ತು ಅಂಕಿಗಳಲ್ಲಿ ಒಂದಕ್ಕೆ ಹಣ ಕಟ್ಟಿ, ಬಂದರೆ ಒಂಬತ್ತು ಪಟ್ಟು ಸಿಗುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 100 ರೂಪಾಯಿಯಂತೆ 100 ದಿನಕ್ಕೆ ಕಟ್ಟಿದ್ದು 10,000. ಸಂಭವನೀಯತೆ 1/10 ಆದ್ದರಿಂದ ಸರಾಸರಿ ಹತ್ತು ದಿನ ಗೆಲುವು, ಕೈಗೆ ಬರುವುದು 9,000. ಒಂದು ಸಾವಿರ ನಷ್ಟ. ಒಬ್ಬಿಬ್ಬರು ಗೆದ್ದ ಸುದ್ದಿ ಊರೆಲ್ಲ ಹಬ್ಬುತ್ತದೆ, ಸೋತವರು ಸುಮ್ಮನಿರುತ್ತಾರೆ. ‘ಐದು ದಿನದಿಂದ ಈ ಅಂಕಿ ಬಂದಿಲ್ಲ, ಇವತ್ತು ಬಂದೇ ಬರುತ್ತದೆ’ ಎನ್ನುವವರಿಗೆ ನಿಮ್ಮ ಪಾಠದ ಉತ್ತರ ಹೇಳಿರಿ: ಅಂಕಿಗೆ ನಿನ್ನೆಯ ನೆನಪಿಲ್ಲ, ಇಂದೂ ಅದು 1/10 ಮಾತ್ರ. ಧರ್ಮ ಬೇಡವೆಂದದ್ದನ್ನು ಗಣಿತವೂ ಬೇಡವೆನ್ನುತ್ತದೆ. ಮನೆಯ ಹಿರಿಯರಿಗೆ ಈ ಲೆಕ್ಕವನ್ನು ತೋರಿಸಬಲ್ಲವರು ನೀವೇ.

ಈ ವಿದ್ಯೆ ನಮಗೆ ಹೊರಗಿನದೆಂದು ತಿಳಿಯಬೇಡಿ. ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡುಗಳಲ್ಲಿ ನಮ್ಮ ಪುಲಿಗೆರೆಯನ್ನು, ಅಂದರೆ ಇಂದಿನ ಲಕ್ಷ್ಮೇಶ್ವರವನ್ನು ಹೆಸರಿಸುತ್ತದೆ. ಅದೇ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬ ನಿಯಮವನ್ನು ಕೊಟ್ಟರು. ಅದೇ ಶತಮಾನದಲ್ಲಿ ಬಾಗ್ದಾದಿನ ಅಲ್-ಕಿಂದಿಯವರು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಗುಪ್ತ ಬರಹವನ್ನು ಬಿಡಿಸುವ ವಿಧಾನವನ್ನು ಬರೆದರು. ಯುರೋಪಿನಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಪತ್ರಗಳ ಮೂಲಕ ಸಂಭವನೀಯತೆಗೆ ತಳಹದಿ ಹಾಕಿದ್ದು 1654ರಲ್ಲಿ.

ಇನ್ನೂ ಹತ್ತಿರದ ಹೆಸರು ಬೇಕೆ? ಮುಂಡರಗಿ ತಾಲೂಕಿನಿಂದ ತುಂಗಭದ್ರೆ ದಾಟಿದರೆ ಹೂವಿನಹಡಗಲಿ. 1920ರ ಸೆಪ್ಟೆಂಬರ್ 10ರಂದು ಸಿ. ಆರ್. ರಾವ್ ಹುಟ್ಟಿದ್ದು ಅಲ್ಲಿಯೇ. ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದುಡಿದ ಅವರು 1945ರಲ್ಲಿ ಪ್ರಕಟಿಸಿದ ಒಂದು ಲೇಖನ ಜಗತ್ತಿನ ಸಂಖ್ಯಾಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಒಂದು ಅಂದಾಜು ಎಷ್ಟರಮಟ್ಟಿಗೆ ನಿಖರವಾಗಿರಬಲ್ಲದು ಎಂಬ ಮಿತಿಯನ್ನು ಅದು ತೋರಿಸಿತು. 2001ರಲ್ಲಿ ಪದ್ಮವಿಭೂಷಣ, 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಅವರಿಗೆ ಸಂದವು. ಅದೇ ವರ್ಷದ ಆಗಸ್ಟ್‌ನಲ್ಲಿ, 102ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ವಿದ್ಯಾರ್ಥಿ ಮಿತ್ರರೇ, ಪಿಯುಸಿಯಲ್ಲಿ ಗಣಿತ ಓದಿದವರು ಪ್ರವೇಶ ಪರೀಕ್ಷೆ ಬರೆದು ಆ ಸಂಸ್ಥೆಯ ಕಲಕತ್ತೆ, ಬೆಂಗಳೂರು ಕೇಂದ್ರಗಳಲ್ಲಿ ಪದವಿ ಓದಬಹುದು. ವಿಮೆ, ಬ್ಯಾಂಕು, ವೈದ್ಯಕೀಯ ಸಂಶೋಧನೆ, ಹವಾಮಾನ, ಕಂಪ್ಯೂಟರ್ ಎಲ್ಲಕ್ಕೂ ಈ ವಿದ್ಯೆ ಬೇಕು. ನಮ್ಮ ಹೆಣ್ಣುಮಕ್ಕಳೂ ಈ ದಾರಿಯನ್ನು ಹಿಡಿಯಲಿ. ಪಾಲಕರು ತಡೆಯದಿರಲಿ. ಈ ವಾರವೇ 52 ಚೀಟಿ ಮಾಡಿಕೊಳ್ಳಿರಿ, ಇಬ್ಬಿಬ್ಬರು ಸೇರಿ 200 ಸಲ ನಾಣ್ಯ ಚಿಮ್ಮಿ ಬರೆದಿಡಿರಿ, ಅಭ್ಯಾಸದ ಲೆಕ್ಕಗಳನ್ನು ಒಂದೂ ಬಿಡದೆ ಮಾಡಿರಿ. ತಿಳಿಯದ್ದನ್ನು ಸಂಕೋಚವಿಲ್ಲದೆ ಗುರುಗಳಲ್ಲಿ ಕೇಳಿರಿ. ಪರೀಕ್ಷೆಯ ಫಲಿತಾಂಶವು ನಾಣ್ಯದಂತೆ ಚಿಮ್ಮಿ ಬೀಳುವಂಥದ್ದಲ್ಲ; ನೀವು ಓದಿದಷ್ಟೂ ಅದು ನಿಮ್ಮ ಕಡೆಗೆ ವಾಲುತ್ತದೆ.