ಯಾರ ಗೆಜ್ಜೆ ಸಪ್ಪಳ?

ಉಪ್ಪಿನಬೆಟಗೇರಿಯಿಂದ ಮಾತಾಡ್ಲಿಕತ್ತೀನಿ. ಹಿಂದ ಟ್ರ್ಯಾಕ್ಟರ್ ಸಪ್ಪಳ ಕೇಳಿಸಿದ್ರ ಬೇಜಾರಾಗಬ್ಯಾಡ್ರಿ, ಸುಗ್ಗಿ ನಡೆದೈತಿ, ರಾತ್ರಿ ಹತ್ತಾದ್ರೂ ನಿಲ್ಲಂಗಿಲ್ಲ. ಇವತ್ತಿನ ಮಾತು ಶುರುವಾಗಿದ್ದೂ ಒಂದು ಟ್ರ್ಯಾಕ್ಟರಿನಿಂದನೇ.

ಹೋದ ವಾರ ಧಾರವಾಡದಿಂದ ಬೈಕ್ ಮ್ಯಾಲ ಊರಿಗೆ ಬರ್ತಿದ್ದೆ. ಮುಂದ ಒಂದು ಟ್ರ್ಯಾಕ್ಟರ್, ಸೈಡ್ ಕೊಡವಲ್ದು. ಎರಡು ದೊಡ್ಡ ಸ್ಪೀಕರ್‌ನಾಗ ಡಿಜೆ ಜಾನಪದ. ಹಾಡಿನ ಕಥಿ ನಿಮಗೆಲ್ಲ ಗೊತ್ತಿರೋದೇ: ಹುಡುಗ ಬಡವ, ವರ ನೌಕರಿಯವ, ಹುಡುಗಿ ರೊಕ್ಕ ನೋಡಿ ಕೈಬಿಟ್ಲು. ಉತ್ತರ ಕರ್ನಾಟಕದ ಯೂಟ್ಯೂಬ್‌ನಾಗ ಇಂಥ ಹಾಡು ಎಷ್ಟದಾವೋ ಲೆಕ್ಕಿಲ್ಲ. ಪ್ರೀತಿ ಮುಂದ ರೊಕ್ಕ ಏನೂ ಅಲ್ಲ ಅಂತ ಅಂವ ಎದಿ ಬಿರಿಯೋ ಹಂಗ ಹಾಡ್ತಿದ್ದ. ಟ್ರ್ಯಾಕ್ಟರ್ ಮಡ್‌ಗಾರ್ಡ್ ಮ್ಯಾಲ ನೋಡಿದ್ರ ಸಾಲ ಕೊಟ್ಟ ಫೈನಾನ್ಸಿನ ಸ್ಟಿಕ್ಕರ್!

ನಕ್ಕೆ. ಆಮ್ಯಾಲೆ ನನಗೇ ನಾಚಿಕಿ ಬಂತು. ಯಾಕಂದ್ರ ನಾನು ಈಗ ಮಾತಾಡ್ತಿರೋ ಈ ಮೈಕ್, ಮುಂದಿರೋ ಈ ಲ್ಯಾಪ್‌ಟಾಪ್, ಎರಡೂ ಸಾಲದಾಗ ಬಂದಾವು. ಅದಕ್ಕ ಇವತ್ತು ದುಡ್ಡಿನ ಹಾಡುಗಳ ಬಗ್ಗೆ ಮಾತಾಡೋಣು ಅಂತ. ಬರೇ ರೀಲ್ಸ್ ಹಾಡಲ್ಲ, ಮನಿಯೊಳಗಿನ ಹಾಡು ಮೊದಲು.

ನಮ್ಮ ಮನಿಯಾಗ ಶುಕ್ರವಾರ ಅಂದ್ರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’. ಅವ್ವ ಹಾಡ್ತಾಳ. ಪುರಂದರದಾಸರ ಕೀರ್ತನೆ ಅದು. ಪಕ್ಕದ ಗದಗ ಸೀಮೆಯ ಭೀಮಸೇನ ಜೋಶಿ ಅದನ್ನ ಹಾಡಿ ದೇಶಕ್ಕೆಲ್ಲ ಮುಟ್ಟಿಸಿದ್ರು. ಸಣ್ಣವನಿದ್ದಾಗಿಂದ ಕೇಳಿದ್ರೂ ಅದರಾಗ ಏನು ಕೇಳ್ತಾರ ಅಂತ ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಒಮ್ಮೆ ಸಾವಕಾಶ ಕೇಳ್ರಿ. ಲಕ್ಷ್ಮಿ ಗೆಜ್ಜೆ ಸಪ್ಪಳ ಮಾಡ್ಕೋತ, ಒಂದೊಂದೇ ಹೆಜ್ಜಿ ಇಟ್ಕೋತ ಬರಬೇಕು. ಹೆಂಗ? ಮಜ್ಜಿಗಿ ಕಡೆದಾಗ ಬೆಣ್ಣಿ ಬರ್ತೈತಲ್ಲ, ಹಂಗ. ಕಡಗೋಲು ಹಿಡಿದು ತೋಳು ನೋಯಿಸ್ಕೊಂಡವರಿಗೆ ಈ ಹೋಲಿಕೆ ತಿಳಿತೈತಿ. ನಾನು ಬಿ.ಕಾಂ. ಓದಿದಾಂವ, ನನಗಿದು ಪೋಸ್ಟ್ ಆಫೀಸಿನ ಆರ್‌.ಡಿ. ಖಾತಿ ಥರ ಕೇಳಿಸ್ತೈತಿ. ಆದ್ರ ಅದೇ ಹಾಡು ಮುಂದಕ್ಕ ಹೋಗಿ ಬಂಗಾರದ ಮಳಿ ಸುರಿಸು ಅಂತನೂ ಕೇಳ್ತೈತಿ! ಒಂದೇ ಹಾಡಿನಾಗ ಆರ್‌.ಡಿ.ನೂ ಐತಿ, ಲಾಟರಿನೂ ಐತಿ. ದಾಸರಿಗೆ ಮನುಷ್ಯರು ಗೊತ್ತಿದ್ರು.

ಗೊತ್ತಿರಲೇಬೇಕು ಬಿಡ್ರಿ. ದಾಸರಾಗೋ ಮೊದಲು ಅವರು ಶ್ರೀನಿವಾಸ ನಾಯಕ, ಬಡ್ಡಿ ವ್ಯವಹಾರದ ಸಾಹುಕಾರ ಅಂತ ಪರಂಪರೆ ಹೇಳ್ತೈತಿ. ನವಕೋಟಿ ನಾರಾಯಣ ಅಂತ ಹೆಸರು. ಆ ಮೂಗುತಿ ಕಥಿ ಗೊತ್ತೈತಲ್ಲ? ಮಗನ ಮುಂಜಿವಿಗೆ ರೊಕ್ಕ ಕೇಳಕ್ಕ ಬಂದ ಬಡವನ್ನ ನಾಯಕರು ನಾಳೆ ಬಾ, ನಾಡಿದ್ದು ಬಾ ಅಂತ ಅಡ್ಡಾಡಿಸಿದ್ರು. ಅಂವ ನಾಯಕರ ಹೆಂಡ್ತಿ ಹತ್ರ ಹೋದ. ಆಕಿ ತನ್ನ ಮೂಗುತಿನೇ ತೆಗೆದು ಕೊಟ್ಲು. ಅದನ್ನ ತಗೊಂಡು ಅಂವ ಸೀದಾ ನಾಯಕರ ಅಂಗಡಿಗೇ ಬಂದ. ಇದನ್ನ ಭಕ್ತಿಯ ಕಥಿ ಅಂತ ನಮಗೆಲ್ಲ ಹೇಳಿಕೊಟ್ಟಾರ. ನನಗ ಮಾತ್ರ ಅಂಗಡಿಯೊಳಗಿನ ಆ ಒಂದು ಕ್ಷಣ ತಲಿಯಾಗ ಕೂತೈತಿ. ದಿನಾ ಮಂದಿ ಬಂಗಾರ ತಕ್ಕಡಿಗೆ ಹಾಕೋ ಮನುಷ್ಯ, ಅವತ್ತು ತನ್ನ ಮನಿ ಬಂಗಾರನ್ನೇ ಕೈಯಾಗ ಹಿಡಿದಿದ್ದ. ದುಗ್ಗಾಣಿ ಅನ್ನೋ ಸಣ್ಣ ನಾಣ್ಯದ ಮ್ಯಾಲೂ ದಾಸರದೊಂದು ಕೀರ್ತನೆ ಐತಿ, ಅದನ್ನ ಕೆಟ್ಟವರ ಸಹವಾಸ ಅಂತ ಬೈದಾರ. ರೊಕ್ಕ ಎಣಿಸಿದ ಕೈ ಬರೆದ ಬೈಗುಳ ಅದು, ಹೊರಗ ನಿಂತು ನೋಡಿದವರದ್ದಲ್ಲ.

ಸಿನಿಮಾದ ವಿಷಯಕ್ಕ ಬಂದ್ರ, ನಮ್ಮ ಅಜ್ಜಗ ‘ಕಸ್ತೂರಿ ನಿವಾಸ’ ಅಂದ್ರ ಜೀವ. 1971ರ ಸಿನಿಮಾ, ರಾಜ್‌ಕುಮಾರ್, ಚಿ. ಉದಯಶಂಕರ್ ಹಾಡು, ಎಷ್ಟು ತಳ್ಳಿದ್ರೂ ಬೀಳದ ಗೊಂಬಿ. ಕೊಟ್ಟು ಕೊಟ್ಟು ಎಲ್ಲಾ ಕಳಕೊಂಡ ಸಾಹುಕಾರನ ಕಥಿ. ಚಲೋ ಹಾಡು, ನನಗೂ ಕಣ್ಣಾಗ ನೀರು ಬರ್ತೈತಿ. ಆದ್ರ ನಮ್ಮ ಮನಿಯಾಗ ಕೊಟ್ಟು ಬಡವರಾದವರು ಯಾರೂ ಇಲ್ಲ, ತಗೊಂಡು ಆದವರೇ ಇರೋದು. ಡಿಜೆ ಹಾಡಿನಾಗ ರೊಕ್ಕ ಇಲ್ಲದಾಂವ, ಸಿನಿಮಾ ಹಾಡಿನಾಗ ರೊಕ್ಕ ಕೊಡಾಂವ. ತಿಂಗಳಾ ಕಂತು ಕಟ್ಟೋ ಮನುಷ್ಯಾ ಎಲ್ಲಿ ಹೋದ?

ಈಗ ಲ್ಯಾಪ್‌ಟಾಪ್ ಕಥಿ. 2022ರಾಗ ಪಾಡ್‌ಕಾಸ್ಟ್ ಮಾಡ್ತೀನಿ ಅಂತ ಹಟ ಹಿಡಿದೆ. ಅವ್ವ ಓಣಿಯ ಹೆಣ್ಮಕ್ಕಳ ಜೋಡಿ ಗುಂಪಿನಾಗ ಇದ್ಲು, ಒಂದು ಮೈಕ್ರೋಫೈನಾನ್ಸಿನದು. ಐವತ್ತು ಸಾವಿರ ಸಾಲ ತೆಗೆದ್ಲು. ಫಾರ್ಮಿನಾಗ ಕಾರಣ ಬರೀಬೇಕಲ್ಲ, ಎಮ್ಮಿ ಅಂತ ಬರೆಸಿದ್ರು. ಕಾಗದದ ಪ್ರಕಾರ ಈ ಲ್ಯಾಪ್‌ಟಾಪ್ ಇವತ್ತಿಗೂ ಒಂದು ಎಮ್ಮಿ.

ಬಡ್ಡಿ ಎಷ್ಟು ಅಂದ್ರ, ಗುಂಪಿನಾಗ ಹೇಳಿದ್ದು ‘ನೂರಕ್ಕ ಒಂದ್ ರೂಪಾಯಿ’. ಅವ್ವ ನನ್ನ ಕೇಳಿದ್ಲು, ‘ನೀ ಸಾಲಿ ಕಲ್ತಾಂವ, ಬರೋಬ್ಬರಿ ಐತೇನು?’ ತಿಂಗಳಿಗೆ ಒಂದು ಅಂದ್ರ ವರ್ಷಕ್ಕ ಹನ್ನೆರಡು, ಊರಾಗಿನ ಕೈಸಾಲಕ್ಕಿಂತ ಕಡಿಮಿ ಅಂದೆ. ಲೆಕ್ಕ ಹಾಕಲಿಲ್ಲ. ಕಾಸ್ಟ್ ಅಕೌಂಟಿಂಗ್‌ನಾಗ ಪಾಸಾದ ಮನುಷ್ಯಾ, ಸ್ವಂತ ಅವ್ವನ ಲೆಕ್ಕ ಹಾಕಲಿಲ್ಲ.

ಈಗ ಹಾಕಿ ತೋರಿಸ್ತೀನಿ, ಫೋನ್‌ನಾಗ ಕ್ಯಾಲ್ಕುಲೇಟರ್ ತೆಗೀರಿ. ಐವತ್ತು ಸಾವಿರಕ್ಕ ತಿಂಗಳಿಗೆ ಐನೂರು ಬಡ್ಡಿ, 24 ತಿಂಗಳಿಗೆ 12,000. ಒಟ್ಟು 62,000, ಕಂತು 2,583 ರೂಪಾಯಿ. ಮೊದಲನೇ ತಿಂಗಳು ಐವತ್ತು ಸಾವಿರ ನಿಮ್ಮ ಹತ್ರ ಐತಿ, ಐನೂರು ಬಡ್ಡಿ ಸರಿ. ಇಪ್ಪತ್ತನೇ ತಿಂಗಳಿಗೆ ಬರ್ರಿ. ಅಸಲು ತೀರಿ ತೀರಿ ಹತ್ತು ಸಾವಿರದ ಆಸುಪಾಸು ಉಳಿದಿರ್ತೈತಿ. ಬಡ್ಡಿ ಮಾತ್ರ ಆಗಲೂ ಐನೂರು! ನೂರಕ್ಕ ಒಂದಿದ್ದದ್ದು ನೂರಕ್ಕ ಐದರ ಹತ್ರ ಬಂತು. ಇದಕ್ಕ ಫ್ಲಾಟ್ ರೇಟ್ ಅಂತಾರ. ಉಳಿದ ಅಸಲಿನ ಮ್ಯಾಲ ಲೆಕ್ಕ ಹಿಡಿದ್ರ ಈ ಸಾಲದ ಬಡ್ಡಿ ವರ್ಷಕ್ಕ ಶೇ. 12 ಅಲ್ಲ, ಶೇ. 21ರ ಮ್ಯಾಲ. ಸಾಲ ತಗೊಳ್ಳೋವಾಗ ‘ಎ.ಪಿ.ಆರ್. ಎಷ್ಟು’ ಅಂತ ಕೇಳ್ರಿ, ಅದನ್ನ ಬರೆದು ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮನೇ ಐತಿ.

ಕಂತು ನಾವು ತಪ್ಪಿಸಲಿಲ್ಲ. ತಪ್ಪಿದ್ದು ನಮ್ಮ ಓಣಿಯ ಒಬ್ಬ ಕಾಕುದು. 2023, ಆಕಿ ಮಗ ದವಾಖಾನಿಯಾಗ. ಗುಂಪಿನ ಸಾಲ ಅಂದ್ರ ಒಬ್ಬರು ಕಟ್ಟದಿದ್ರ ಉಳಿದವರ ಮ್ಯಾಲ ಬರ್ತೈತಿ. ವಸೂಲಿಗೆ ಬಂದ ಹುಡುಗ, ನನ್ನದೇ ವಯಸ್ಸು, ‘ಪೂರ್ತಿ ಆಗೋತನಕ ಯಾರೂ ಏಳೂ ಹಂಗಿಲ್ಲ’ ಅಂದ. ಅಂವಗೂ ಮ್ಯಾಲಿನವರ ಟಾರ್ಗೆಟ್ ಇದ್ದಿರಬೇಕು. ಹೆಣ್ಮಕ್ಕಳೆಲ್ಲ ಕಾಕು ಮನಿ ಮುಂದಿನ ಕಟ್ಟಿ ಮ್ಯಾಲ ಕೂತ್ರು. ಸಂಜಿ ಆರಾತು, ಏಳಾತು. ಸಂಜಿ ಆರರ ಮ್ಯಾಲ ಸಾಲ ಕೇಳಿ ಫೋನ್ ಸುದ್ದಾ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಾಗನೇ ಹೇಳಿತ್ತು, ಅದು ನನಗ ಆಮ್ಯಾಲೆ ಓದಿ ಗೊತ್ತಾತು. ನಾನು ಹಾದು ಹೋಗುವಾಗ ನೋಡಿದೆ. ಕಟ್ಟಿ ಮ್ಯಾಲ ಕೂತು, ಕಾಕು ಮುಖ ನೋಡದನ, ‘ಎಲ್ಲೆರ ಹೊಂದಿಸವಾ’ ಅನ್ನೋರೊಳಗ ನಮ್ಮವ್ವನೂ ಇದ್ಲು.

ಕಾಕು ಒಳಗ ಹೋಗಿ ಬೋರಮಾಳ ಸರ ತಂದ್ಲು. ಗುಂಪಿನ ಒಬ್ಬಾಕಿ ಗಂಡ ಅದನ್ನ ಒತ್ತಿ ಇಡಾಕ ಬೈಕ್ ಹತ್ತಿ ಹೋದ.

ಆ ಶುಕ್ರವಾರ ಅವ್ವ ದೀಪ ಹಚ್ಚಿದ್ಲು, ಹಾಡಲಿಲ್ಲ. ಗಂಟಲು ಕಟ್ಟೇತಿ ಅಂದ್ಲು.

ಆಗ ನನಗ ನೆನಪಾಗಿದ್ದು ಬೇಂದ್ರೆಯವರ ‘ಕುರುಡು ಕಾಂಚಾಣ’. ಧಾರವಾಡ ಜಿಲ್ಲಾದಾಗ ಸಾಲಿ ಗ್ಯಾದರಿಂಗಿಗೆ ಕುಣಿದವರಿಗೆ ಈ ಹಾಡು ಬಾಯಿಪಾಠ. ನಾನೂ ಕುಣಿದೀನಿ, ಹಣಿಗೆ ಭಂಡಾರ ಬಡ್ಕೊಂಡು. ಏನು ಹಾಡ್ತೀನಿ ಅನ್ನೋ ಖಬರು ಇರಲಿಲ್ಲ. ರಾತ್ರಿ ಕೂತು ಓದಿದೆ. ಕಾಂಚಾಣ ಅಂದ್ರ ರೊಕ್ಕ, ಅದು ಕುಣೀತೈತಿ. ಕಾಲಾಗ ಗೆಜ್ಜಿ ಐತಿ, ಬಾಣಂತಿಯರ ಎಲುಬಿನ ಗೆಜ್ಜಿ. ಕೊರಳಾಗ ಕವಡಿ ಸರ ಐತಿ, ಸಣ್ಣ ಮಕ್ಕಳ ಕಣ್ಣಿನ ಕವಡಿ. ಕೈಯಾಗಿನ ಪಂಜು ಬಡವರ ಹೊಟ್ಟಿ ಬೆಂಕಿಯಿಂದ ಹತ್ತಿದ್ದು. ಕವಡಿ, ಭಂಡಾರ, ಪಂಜು, ಬಾಯಾಗ ಉಧೋ ಉಧೋ. ಈ ವೇಷ ನಮಗ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಭಾರತ ಹುಣ್ಣಿವಿಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋದವರೆಲ್ಲ ನೋಡೀವಿ. ನಾವು ಕೈ ಮುಗಿಯೋ ವೇಷನ್ನೇ ಬೇಂದ್ರೆ ರೊಕ್ಕಕ್ಕ ಹಾಕ್ಯಾರ. ಬರೆದಾಂವ ಬೆಚ್ಚಗ ಕೂತು ಬರೆದವನೂ ಅಲ್ಲ. ‘ನರಬಲಿ’ ಕವಿತೆಗಾಗಿ ಬ್ರಿಟಿಷರು ಜೈಲಿಗೆ ಹಾಕಿದ್ರು, ಆಮ್ಯಾಲೆ ವರ್ಷಗಟ್ಟಲೆ ಪಕ್ಕಾ ನೌಕರಿ ಇಲ್ಲದ ಒದ್ದಾಡಿದ ಮನುಷ್ಯಾ.

ನೋಡ್ರಿ, ದಾಸರ ಲಕ್ಷ್ಮಿ ಕಾಲಾಗೂ ಗೆಜ್ಜಿ, ಬೇಂದ್ರೆ ಕಾಂಚಾಣದ ಕಾಲಾಗೂ ಗೆಜ್ಜಿ. ಪಡಸಾಲಿಯಾಗ ಕೂತಾಗ ಸಪ್ಪಳ ಒಂದೇ ಥರ ಕೇಳಿಸ್ತೈತಿ. ಸಾಲ ಮಂಜೂರಾಗಿ ಅವ್ವನ ಫೋನ್ ‘ಟಿಣ್’ ಅಂದ ದಿನ ನಾವು ಪೇಢೆ ತಂದು ತಿಂದಿದ್ವಿ. ಕಾಂಚಾಣ ಕುರುಡು ಅಂತ ಬೇಂದ್ರೆ ಬರೆದ್ರು ಖರೆ. ಕಟ್ಟಿ ಮ್ಯಾಲ ಕೂತವರಿಗೆ ಕಣ್ಣಿದ್ವಲ್ಲ, ನನಗೂ ಇದ್ವು.

2025ರ ಫೆಬ್ರವರಿ 12ಕ್ಕ ಕಿರುಸಾಲದ ಕಿರುಕುಳ ತಡೆಯೋ ಸುಗ್ರೀವಾಜ್ಞೆಗೆ ರಾಜ್ಯಪಾಲರ ಅಂಕಿತ ಬಿತ್ತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ನಮ್ಮ ಸಾಲ ಅಷ್ಟರಾಗ ತೀರಿತ್ತು. ಕಾಕು ಬೋರಮಾಳ ಬಿಡಿಸಿಕೊಂಡ್ಲು, ಅದಕ್ಕ ಗೃಹಲಕ್ಷ್ಮಿಯ ಎರಡೆರಡು ಸಾವಿರನೂ ಕೂಡಿಟ್ಟಿದ್ಲು. ನಮ್ಮ ಓಣಿಯಾಗ ಈಗ ‘ಲಕ್ಷ್ಮಿ ಬಂದಳೇನವಾ?’ ಅಂದ್ರ ಖಾತೆಗೆ ಜಮಾ ಆತೇನು ಅಂತ ಅರ್ಥ. ಬೆಣ್ಣಿಯಂಗ ಅಲ್ಲ, ಒಮ್ಮೆ ಬರ್ತಾಳ, ಒಮ್ಮೆ ಮೂರು ತಿಂಗಳು ಕಾಯಿಸ್ತಾಳ.

ಈ ಸಂಚಿಕೆ ಮಾಡೋ ಮುಂದ ಕಾಕುನ್ನ ಕೇಳಿ ಬಂದೆ. ಆಕಿಗೆ ಬೀಸೋಕಲ್ಲಿನ ಪದ, ಸೋಬಾನ ಪದ ಭಾಳ ಬರ್ತಾವ. ತವರಿನ ಮ್ಯಾಲ, ಬಂಗಾರದ ಮ್ಯಾಲ, ಗಂಡನ ಮ್ಯಾಲ ಹಾಡು ಅದಾವ, ಸಾಲದ ಮ್ಯಾಲ ಒಂದೂ ಇಲ್ಲೇನು ಅಂದೆ.

‘ಸಾಲಾನ ಯಾರರ ಹಾಡ್ತಾರೇನಪಾ? ಹಾಡಿದ್ರ ಓಣಿಗೆಲ್ಲ ಕೇಳಿಸ್ತೈತಿ’ ಅಂದ್ಲು.

ಸರ್ವಜ್ಞ ಬರೆದಾನಲ್ಲ ಕಾಕು, ಸಾಲ ತಗೊಳ್ಳೋವಾಗಿನ ರುಚಿ, ತೀರಿಸುವಾಗಿನ ನೋವು, ಸಾಲ್ಯಾಗ ನಮಗೆಲ್ಲ ಪದ್ಯ ಇತ್ತು ಅಂದೆ.

‘ಆಂವ ಊರೂರು ತಿರುಗಾಂವ. ಆಂವಗ ಮನಿ ಮುಂದ ಕಟ್ಟಿ ಇತ್ತೇನು?’

ನಿಮ್ಮ ಊರಾಗ ಯಾರಿಗಾದ್ರೂ ಸಾಲದ ಪದ ಗೊತ್ತಿದ್ರ, ಅಜ್ಜಿ, ಆಯಿ, ಯಾರೇ ಇರಲಿ, ಫೋನ್‌ನಾಗ ರೆಕಾರ್ಡ್ ಮಾಡಿ ಕಳಸ್ರಿ. ಅವರನ್ನ ಕೇಳಿ, ಒಪ್ಪಿದ್ರಷ್ಟೇ. ಕಾಕುನೂ ಒಪ್ಪಿದ ಮ್ಯಾಲೇ ಇದೆಲ್ಲ ಹೇಳೀನಿ, ‘ಹೆಸರ ಹೇಳಬ್ಯಾಡ, ಬೋರಮಾಳ ತಿರುಗಿ ಬಂತು ಅಂತ ಮಾತ್ರ ಮರೀಬ್ಯಾಡ’ ಅಂದಾಳ. ಹೇಳಿದೆ ನೋಡು, ಕಾಕು. ಬರ್ತೀನ್ರಿ, ನಮಸ್ಕಾರ.