ಪಾದೂರಿನ ಹಗೇವು, ಹೊರ್ಮುಜ್‌ನ ಬಾಗಿಲು

(ಕರೂರು ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಉದ್ದಿಮೆದಾರರು ಮತ್ತು ಕಾರ್ಮಿಕರ ಸಭೆಯಲ್ಲಿ ನಮ್ಮ ವರದಿಗಾರರು ಆಡಿದ ಮಾತಿನ ಬರಹರೂಪ)



ಸಭೆ ಶುರುವಾಗುವ ಮುಂಚೆ ಹತ್ತು ನಿಮಿಷ ಕರೆಂಟು ಹೋಗಿತ್ತು. ಪಕ್ಕದ ಶೆಡ್ಡಿನ ಜನರೇಟರ್ ಗುಡುಗಿತು, ಲೇತುಗಳು ಮತ್ತೆ ತಿರುಗಿದವು. ನಿಮ್ಮಲ್ಲಿ ಯಾರೂ ಆ ಕಡೆ ಕತ್ತೆತ್ತಿಯೂ ನೋಡಲಿಲ್ಲ. ನಾನು ಮಾತಾಡಬೇಕೆಂದಿರುವುದು ಆ ಜನರೇಟರಿನ ಹೊಟ್ಟೆಗೆ ಬೀಳುವ ಡೀಸೆಲ್ ಬಗ್ಗೆ. ಯುದ್ಧ ಬಂದರೆ ಅದು ಎಷ್ಟು ದಿನ ಸಿಕ್ಕೀತು ಎಂಬುದರ ಬಗ್ಗೆ. ‘ದಾವಣಗೆರೆಗೂ ಸಮುದ್ರಕ್ಕೂ ಎಲ್ಲಿಯ ನಂಟು?’ ಎಂದು ಚಹಾ ಕುಡಿಯುವಾಗ ಒಬ್ಬ ಹಿರಿಯರು ಕೇಳಿದರು. ನಂಟು ಇದೆ. ನಮ್ಮ ದೇಶ ಬಳಸುವ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಹಡಗಿನಲ್ಲಿ ಬರುತ್ತದೆ. ಎಲ್ಲಿ ಸಂಸ್ಕರಿಸಿದ ಡೀಸೆಲ್ ಆದರೂ ಸರಿ, ಅದರ ಮೂಲ ಹುಡುಕುತ್ತಾ ಹೋದರೆ ಕೊನೆಗೆ ಸಮುದ್ರ ಸಿಗುತ್ತದೆ.

ಎಣ್ಣೆಯಿಲ್ಲದ ದೇಶ ಬೆಳೆಯತೊಡಗಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಪಾಠ ಜಪಾನಿನದು. 1941ರಲ್ಲಿ ಅದು ತನ್ನ ಎಣ್ಣೆಯ ಬಹುಪಾಲನ್ನು ಅಮೆರಿಕದಿಂದಲೇ ಕೊಳ್ಳುತ್ತಿತ್ತು. ಆ ವರ್ಷದ ಜುಲೈ-ಆಗಸ್ಟಿನಲ್ಲಿ ಅಮೆರಿಕ ನಲ್ಲಿ ತಿರುಗಿಸಿಬಿಟ್ಟಿತು. ಜಪಾನಿನ ಕೈಯಲ್ಲಿದ್ದ ದಾಸ್ತಾನು ಎರಡು ವರ್ಷಕ್ಕೂ ಸಾಲುವಂತಿರಲಿಲ್ಲ. ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆಯಿತು, 1942ರ ಫೆಬ್ರವರಿಯಲ್ಲಿ ಸುಮಾತ್ರಾದ ಪಾಲೆಂಬಾಂಗ್ ಎಣ್ಣೆ ನೆಲೆಯ ಮೇಲೆ ಪ್ಯಾರಾಚೂಟಿನಲ್ಲಿ ಸೈನಿಕರು ಇಳಿದರು. ಎಣ್ಣೆಬಾವಿ ಸಿಕ್ಕಿತೇನೋ ನಿಜ. ಆದರೆ ಅದನ್ನು ಊರಿಗೆ ಒಯ್ಯುವ ಟ್ಯಾಂಕರ್ ಹಡಗುಗಳನ್ನು ಅಮೆರಿಕದ ಜಲಾಂತರ್ಗಾಮಿಗಳು ಒಂದೊಂದಾಗಿ ಮುಳುಗಿಸಿದವು. ಬಾವಿ ಗೆದ್ದವರು ದಾರಿ ಸೋತರು.

ಆ ಯುದ್ಧದ ಬಿಸಿ ನಮಗೂ ತಟ್ಟಿತ್ತು. ನಮ್ಮ ದೀಪಗಳಿಗೆ ಸೀಮೆಎಣ್ಣೆ ಬರುತ್ತಿದ್ದ ಬರ್ಮಾ 1942ರಲ್ಲಿ ಕೈಬಿಟ್ಟಿತು. ಹಿಂದೆ ಸರಿಯುವಾಗ ಬ್ರಿಟಿಷರೇ ಅಲ್ಲಿನ ಯೆನಂಗ್ಯಾಂಗ್ ಎಣ್ಣೆ ನೆಲೆಯನ್ನು ಹಾಳುಗೆಡವಿದರು. ಪೆಟ್ರೋಲಿಗೆ ರೇಷನ್ ಬಂತು. ಬಸ್ಸಿನ ಹಿಂಬದಿಗೆ ಒಲೆ ಕಟ್ಟಿ, ಇದ್ದಿಲಿನ ಗ್ಯಾಸಿನಿಂದ ಓಡಿಸುತ್ತಿದ್ದ ಕಾಲ ಅದು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರಂತೆ. ನನಗಿದು ಕೇಳಿದ ಕಥೆ ಮಾತ್ರ. ನಿಮ್ಮಲ್ಲಿ ಕೆಲವರ ಮನೆಯ ಅಜ್ಜಂದಿರು ಕಂಡಿದ್ದ ನಿಜ.

ದಾರಿಯ ಮಾತು ಹೀಗಾದರೆ, ದಾಸ್ತಾನಿನ ಕಥೆ ಬೇರೆ. ಯುದ್ಧದಲ್ಲಿ ಶತ್ರುವಿನ ಕಣ್ಣು ಮೊದಲು ಬೀಳುವುದು ನೆಲದ ಮೇಲಿನ ಟ್ಯಾಂಕುಗಳ ಮೇಲೆ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ಹಡಗು ಮದ್ರಾಸಿನ ಎದುರು ನಿಂತು ಗುಂಡು ಹಾರಿಸಿದಾಗ ಹೊತ್ತಿ ಉರಿದದ್ದು ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳು. 1971ರ ಡಿಸೆಂಬರಿನಲ್ಲಿ ನಮ್ಮದೇ ನೌಕಾಪಡೆಯ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆರಗಿದಾಗಲೂ ಕೆಮಾರಿಯ ಎಣ್ಣೆ ಟ್ಯಾಂಕುಗಳು ದಿನಗಟ್ಟಲೆ ಉರಿದವು. ಅದರ ನೆನಪಿಗೆ ಡಿಸೆಂಬರ್ 4ನ್ನು ನೌಕಾಪಡೆ ದಿನವೆಂದು ಆಚರಿಸುತ್ತೇವೆ. ನಾವು ಮಾಡಿದ್ದನ್ನು ಇನ್ನೊಬ್ಬರು ನಮಗೂ ಮಾಡಬಹುದು ಎಂದು ಯೋಚಿಸುವುದು ದೇಶದ್ರೋಹವೇನಲ್ಲ, ಲೆಕ್ಕಾಚಾರ.

ಈ ಲೆಕ್ಕಾಚಾರದ ಫಲ ನಮ್ಮ ರಾಜ್ಯದ ಕರಾವಳಿಯಲ್ಲೇ ಇದೆ. ಬಯಲುಸೀಮೆಯವರಾದ ನಮಗೆ ಹಗೇವು ಗೊತ್ತು. ನೆಲ ಅಗೆದು, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದೆವು. ಬರ ಬಂದಾಗ ಬಾಯಿ ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ಆಮೇಲೆ ಮನುಷ್ಯರನ್ನು ಇಳಿಸುತ್ತಿದ್ದರು. ಉಡುಪಿ ಜಿಲ್ಲೆಯ ಕಾಪು ಬಳಿಯ ಪಾದೂರಿನಲ್ಲಿ ಇರುವುದೂ ಅಂಥದೇ ಹಗೇವು, ಎಣ್ಣೆಯದು. ಗಟ್ಟಿ ಬಂಡೆಯನ್ನು ಸುರಂಗದಂತೆ ಕೊರೆದು ಅದರಲ್ಲಿ ಕಚ್ಚಾತೈಲ ತುಂಬುತ್ತಾರೆ. ಉಕ್ಕಿನ ಒಳಹೊದಿಕೆಯೂ ಇಲ್ಲ. ಹಾಗಾದರೆ ಬಿರುಕಿನಲ್ಲಿ ಎಣ್ಣೆ ಸೋರುವುದಿಲ್ಲವೇ? ಸೋರದಂತೆ ತಡೆಯುವುದು ನೀರು. ಸುತ್ತಲ ಬಂಡೆಯ ಸಂದುಗಳಲ್ಲಿರುವ ಅಂತರ್ಜಲದ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಹೆಚ್ಚಿರುವಂತೆ ನೋಡಿಕೊಳ್ಳುತ್ತಾರೆ. ಅದಕ್ಕಾಗಿ ಮೇಲಿಂದ ನೀರೂಡುವ ರಂಧ್ರಗಳೂ ಇವೆ. ನೀರು ಒಳಕ್ಕೆ ಒಸರುತ್ತದೆಯೇ ಹೊರತು ಎಣ್ಣೆ ಹೊರಕ್ಕೆ ಹೋಗದು. ಒಸರಿದ ನೀರು ತಳದಲ್ಲಿ ನಿಲ್ಲುತ್ತದೆ, ಪಂಪಿನಿಂದ ಎತ್ತಿ ಹಾಕುತ್ತಾರೆ. ಮೇಲೆ ಬಾಂಬು ಬಿದ್ದರೂ ಕೆಳಗಿನ ದಾಸ್ತಾನಿಗೆ ಸುಲಭಕ್ಕೆ ಬೆಂಕಿ ತಗುಲದು.

ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ವಿಶಾಖಪಟ್ಟಣದಲ್ಲಿ 13.3 ಲಕ್ಷ. ದೇಶದ ಈ ಮೊದಲ ಹಂತದ ಹಗೇವುಗಳಲ್ಲಿ ಮುಕ್ಕಾಲು ಪಾಲು ಕರ್ನಾಟಕದ ನೆಲದಡಿಯಲ್ಲಿದೆ. ಆದರೂ ಮೂರನ್ನೂ ಅಂಚಿನವರೆಗೆ ತುಂಬಿದರೆ ದೇಶಕ್ಕೆ ಸಾಲುವುದೆಷ್ಟು ದಿನ? 2019-20ರ ಬಳಕೆಯ ಆಧಾರದ ಮೇಲೆ ಸರ್ಕಾರವೇ ಕೊಟ್ಟ ಲೆಕ್ಕ: ಸುಮಾರು ಒಂಬತ್ತೂವರೆ ದಿನ. ತೈಲ ಕಂಪನಿಗಳ ಟ್ಯಾಂಕುಗಳನ್ನೂ ಕೂಡಿಸಿದರೆ 74 ದಿನ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯ ದೇಶಗಳಿಗೆ ವಿಧಿಸಿರುವುದು 90 ದಿನಗಳ ಆಮದಿನಷ್ಟು ದಾಸ್ತಾನು. ಒಮ್ಮೆ ಮಾತ್ರ ನಮ್ಮವರು ಒಳ್ಳೆಯ ವ್ಯಾಪಾರಿಗಳಂತೆ ನಡೆದುಕೊಂಡರು. 2020ರ ಏಪ್ರಿಲ್-ಮೇ ತಿಂಗಳಲ್ಲಿ, ಕೊರೊನಾದಿಂದ ಎಣ್ಣೆ ಬೆಲೆ ನೆಲಕಚ್ಚಿದಾಗ, ಬ್ಯಾರೆಲಿಗೆ ಸರಾಸರಿ 19 ಡಾಲರಿನಂತೆ ಕೊಂಡು ಹಗೇವು ತುಂಬಿದರು. ಸುಮಾರು 5,000 ಕೋಟಿ ರೂಪಾಯಿ ಉಳಿಯಿತೆಂದು ಸರ್ಕಾರ ಹೇಳಿತು.

ಇನ್ನು ಹಗೇವಿಗೆ ಎಣ್ಣೆ ಬರುವ ಬಾಗಿಲನ್ನು ನೋಡೋಣ. ಪರ್ಶಿಯನ್ ಕೊಲ್ಲಿಯ ಬಾಯಿಯಲ್ಲಿ ಹೊರ್ಮುಜ್ ಜಲಸಂಧಿ ಇದೆ. ಅತಿ ಕಿರಿದಾದ ಕಡೆ ಅಗಲ ಸುಮಾರು 33 ಕಿ.ಮೀ.; ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ಮರಳಿದಷ್ಟು. ದಡದ ದೇಶಕ್ಕೆ 12 ನಾವಿಕ ಮೈಲಿಯವರೆಗೆ ಸಮುದ್ರದ ಒಡೆತನವಿದೆ. ಇಲ್ಲಿ ಎರಡೂ ದಡ ಸೇರಿದರೂ ಅಗಲ ಸುಮಾರು 18 ನಾವಿಕ ಮೈಲಿ ಮಾತ್ರ. ಎಂದರೆ ಇರಾನ್ ಮತ್ತು ಒಮಾನ್‌ಗಳ ನೀರು ಒಂದಕ್ಕೊಂದು ತಾಗುತ್ತದೆ, ನಡುವೆ ಯಾರದೂ ಅಲ್ಲದ ಸಮುದ್ರವೇ ಉಳಿಯುವುದಿಲ್ಲ. ಹಡಗುಗಳಿಗೆ ಹಾದುಹೋಗುವ ಹಕ್ಕನ್ನು ಕೊಟ್ಟದ್ದು 1982ರ ಸಮುದ್ರ ಕಾನೂನು ಒಪ್ಪಂದ. ಇರಾನ್ ಅದಕ್ಕೆ ಸಹಿ ಹಾಕಿತು, ಅನುಮೋದಿಸಲಿಲ್ಲ. ಅದೇ ಹಕ್ಕಿನ ಹೆಸರಿನಲ್ಲಿ ಯುದ್ಧನೌಕೆ ಕಳಿಸುವ ಅಮೆರಿಕವಂತೂ ಸಹಿಯನ್ನೇ ಹಾಕಲಿಲ್ಲ!

ಸಾಲದೆಂಬಂತೆ ಬಾಗಿಲ ಬಳಿಯೇ ಮೂರು ಪುಟ್ಟ ದ್ವೀಪಗಳ ಜಗಳವಿದೆ. ಅಬು ಮೂಸಾ ಮತ್ತು ಎರಡು ತುಂಬ್ ದ್ವೀಪಗಳಿಗೆ 1971ರ ನವೆಂಬರ್ 30ರಂದು, ಬ್ರಿಟಿಷರು ಕೊಲ್ಲಿ ಬಿಡುವ ಹೊತ್ತಿಗೆ, ಇರಾನ್ ಸೇನೆ ಇಳಿಸಿತು. ಮರುದಿನಗಳಲ್ಲೇ ಹುಟ್ಟಿದ ಸಂಯುಕ್ತ ಅರಬ್ ಸಂಸ್ಥಾನ ಅವು ತನ್ನವೆಂದು ವಾದಿಸುತ್ತಾ ಬಂದಿದೆ. 1980ರ ದಶಕದ ಇರಾನ್-ಇರಾಕ್ ಯುದ್ಧದಲ್ಲಿ ಈ ಕೊಲ್ಲಿಯಲ್ಲಿ ನೂರಾರು ಹಡಗುಗಳ ಮೇಲೆ ದಾಳಿ ನಡೆಯಿತು. 2025ರ ಜೂನ್‌ನಲ್ಲಿ ಜಲಸಂಧಿ ಮುಚ್ಚುವುದಕ್ಕೆ ಇರಾನ್ ಸಂಸತ್ತೇ ಒಪ್ಪಿಗೆ ಸೂಚಿಸಿತು. ಸ್ವಾರಸ್ಯವೆಂದರೆ ಮಂಗಳೂರು ಸಂಸ್ಕರಣಾಗಾರ ವರ್ಷಗಟ್ಟಲೆ ಇರಾನಿನ ಎಣ್ಣೆಯ ದೊಡ್ಡ ಗಿರಾಕಿಯಾಗಿತ್ತು. 2019ರಲ್ಲಿ ಅಮೆರಿಕದ ನಿರ್ಬಂಧಕ್ಕೆ ಮಣಿದು ಭಾರತ ಆ ಖರೀದಿ ನಿಲ್ಲಿಸಿತು. ಬಾಗಿಲು ಮುಚ್ಚಲು ಫಿರಂಗಿಯೇ ಬೇಕೆಂದಿಲ್ಲ, ಬ್ಯಾಂಕೂ ಸಾಕು.

ಚೀನಾದ ಕತೆಯೂ ಇದೇ. ಅದರ ಎಣ್ಣೆ ಮಲಕ್ಕಾ ಜಲಸಂಧಿ ದಾಟಬೇಕು. ಯಾರಾದರೂ ಅದನ್ನು ಮುಚ್ಚಿದರೆ ಎಂಬ ಅಂಜಿಕೆಯನ್ನು 2003ರಲ್ಲಿ ಹು ಜಿಂಟಾವೊ ಅವರೇ ಬಾಯಿಬಿಟ್ಟು ಹೇಳಿದ್ದರು. ಮಲಕ್ಕಾದ ಆಚೆಗಿನ ದಕ್ಷಿಣ ಚೀನಾ ಸಮುದ್ರದ ಬಹುಭಾಗ ತನ್ನದೆಂದು ಒಂಬತ್ತು ಗೆರೆ ಎಳೆದು ಹೇಳುವುದರ ಹಿಂದೆ ಈ ಅಂಜಿಕೆಯೂ ಇದೆ ಎಂದು ನನ್ನ ಎಣಿಕೆ. 2016ರ ಜುಲೈ 12ರಂದು ಹೇಗ್‌ನ ನ್ಯಾಯಮಂಡಳಿ ಆ ಗೆರೆಗೆ ಕಾನೂನಿನ ಆಧಾರವಿಲ್ಲವೆಂದಿತು, ಚೀನಾ ತೀರ್ಪನ್ನು ಒಪ್ಪಲಿಲ್ಲ. 2011ರಲ್ಲಿ ವಿಯೆಟ್ನಾಂ ಕಡಲಲ್ಲಿ ನಮ್ಮ ಒಎನ್‌ಜಿಸಿ ವಿದೇಶ್ ಎಣ್ಣೆ ಹುಡುಕುವುದಕ್ಕೂ ಅದು ತಕರಾರು ತೆಗೆದಿತ್ತು. ಇದಕ್ಕೆ ಪ್ರತಿಯಾಗಿ 2014ರಲ್ಲಿ ಬಂಗಾಳಕೊಲ್ಲಿಯ ವಿವಾದದ ತೀರ್ಪು ಬಹುಪಾಲು ಬಾಂಗ್ಲಾದೇಶದ ಕಡೆ ಬಂದಾಗ ಭಾರತ ಒಪ್ಪಿಕೊಂಡಿತು. ಅಂದು ಇಲ್ಲಿ ಅದು ದೊಡ್ಡ ಸುದ್ದಿಯಾಗಲೇ ಇಲ್ಲ.

ಮತ್ತೆ ಪಾದೂರಿಗೆ. ಬಂಡೆ ಸಿಡಿಸುವಾಗ ಮನೆಗಳ ಗೋಡೆ ಬಿರಿದವೆಂದು ಅಲ್ಲಿಯ ಜನ ದೂರಿದ್ದರು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಎರಡನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು: ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ ಟನ್, ಪಾದೂರಿನಲ್ಲಿ ಇನ್ನೂ 25 ಲಕ್ಷ. ಅದಕ್ಕೂ ಜಮೀನು ಬೇಕು. ತೆಂಗು, ಅಡಿಕೆ ಬೆಳೆವ ಮನೆಯಂಗಳದ ಕೆಳಗೆ ದೇಶದ ಆಪತ್ಕಾಲವನ್ನು ಹೂಳಿಟ್ಟಿದ್ದೇವೆ.

ಆ ಹಿರಿಯರು ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು. ಹಗೇವು ತೆಗೆದ ದಿನ ನಮ್ಮ ಪಾಲೆಷ್ಟು? ಊರ ಹಗೇವಿನಲ್ಲಿ ಬಿತ್ತನೆ ಬೀಜ ತೆಗೆದಿಟ್ಟೇ ಉಳಿದದ್ದನ್ನು ಹಂಚುತ್ತಿದ್ದರು. ಇಲ್ಲಿಯೂ ಮೊದಲು ಸೇನೆ, ಆಮೇಲೆ ರೈಲು, ಆಸ್ಪತ್ರೆ, ಧಾನ್ಯದ ಲಾರಿ. ಕರೂರಿನ ಶೆಡ್ಡುಗಳ ಸರದಿ ಬರುವ ಹೊತ್ತಿಗೆ ಒಂಬತ್ತೂವರೆಯಲ್ಲಿ ಎಷ್ಟು ದಿನ ಕಳೆದಿರುತ್ತದೋ, ಅದನ್ನು ನೀವೇ ಎಣಿಸಿ ನೋಡಿ. ಕರೆಂಟು ಬಂದಂತಿದೆ, ಜನರೇಟರ್ ನಿಲ್ಲಿಸಲು ಯಾರಾದರೂ ಹೇಳಿ.